ವ್ಯಾನಿನೊಳಗೆ ಸಿಕ್ಕಿಕೊಂಡ ಹನ್ನೊಂದು ಪದಗಳು

(ಆಕ್ಲೆಂಡ್‌ನಲ್ಲಿ ಕನ್ನಡದವರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ನಮಸ್ಕಾರ. ಬೆಳಿಗ್ಗೆ ಕಾರಿನ ಕೀ ತಿರುಗಿಸಿದ ಕೂಡಲೇ ಒಬ್ಬ ಜಪಾನಿ ಹೆಂಗಸು ಮಾತಾಡುವುದು ಎಷ್ಟು ಜನರ ಕಾರಿನಲ್ಲಿ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಆಕೆ ಏನು ಹೇಳುತ್ತಾಳೆ ಗೊತ್ತಾ? ‘ಇಟಿಸಿ ಕಾರ್ಡ್ ಹಾಕಿಲ್ಲ’ ಅಂತ. ಇಟಿಸಿ ಅಂದರೆ ಜಪಾನಿನ ಹೆದ್ದಾರಿ ಟೋಲ್ ವ್ಯವಸ್ಥೆ, ಊರಿನ ಫಾಸ್ಟ್ಯಾಗ್ ಇದ್ದ ಹಾಗೆ. ಕಾರು ಹಡಗು ಹತ್ತಿ ಇಲ್ಲಿಗೆ ಬಂದು ಎಷ್ಟೋ ವರ್ಷ ಆಯಿತು. ಆಕೆಗೆ ಮಾತ್ರ ಯಾರೂ ಹೇಳಿಲ್ಲ.

ನ್ಯೂಜಿಲೆಂಡಿನಲ್ಲಿ ಇದು ಮಾಮೂಲು. 1980ರ ದಶಕದ ಕೊನೆಯಿಂದ ಜಪಾನಿನ ಹಳೆ ಕಾರುಗಳು ಇಲ್ಲಿಗೆ ಬರತೊಡಗಿದವು. ಅಲ್ಲೂ ಎಡಗಡೆ ಸಂಚಾರ, ಇಲ್ಲೂ ಎಡಗಡೆ ಸಂಚಾರ. ಸ್ಟಿಯರಿಂಗ್ ಬಲಗಡೆ. ಹಾಗಾಗಿ ಕಾರು ಓಡಿಸುವುದಕ್ಕೆ ತೊಂದರೆ ಇಲ್ಲ. ತೊಂದರೆ ಡ್ಯಾಶ್‌ಬೋರ್ಡಿನ ನಡುವೆ ಇರುವ, ಹಾಡು, ರೇಡಿಯೋ, ನಕ್ಷೆ ಎಲ್ಲ ಒಟ್ಟಿಗಿರುವ ಆ ಪೆಟ್ಟಿಗೆಯದು. ಪರದೆ ತುಂಬಾ ಜಪಾನಿ. ಜಪಾನಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ 90ರವರೆಗೆ ಇತ್ತು ಆ ಕಾಲಕ್ಕೆ, ನಮ್ಮದು 87.5ರಿಂದ ಮೇಲೆ. ಆದ್ದರಿಂದ ಇಲ್ಲಿನ ಸ್ಟೇಷನ್‌ಗಳನ್ನು ಆ ರೇಡಿಯೋಗೆ ಇಳಿಸಿಕೊಡುವ ಬ್ಯಾಂಡ್ ಎಕ್ಸ್‌ಪ್ಯಾಂಡರ್ ಹಾಕಿಸದಿದ್ದರೆ ಒಂದೋ ಎರಡೋ ಸ್ಟೇಷನ್ ಸಿಕ್ಕರೆ ಪುಣ್ಯ. ನಕ್ಷೆಯಲ್ಲಿ ಜಪಾನ್ ಬಿಟ್ಟರೆ ಬೇರೆ ದೇಶವೇ ಇಲ್ಲ.

ಈ ಪೆಟ್ಟಿಗೆಯೊಳಗಿನ ಒಂದು ಹಾರ್ಡ್ ಡಿಸ್ಕಿನ ಜೊತೆ ನಾನು ನಾಲ್ಕು ತಿಂಗಳು ಗುದ್ದಾಡಿದೆ. ಇವತ್ತು ಹೇಳುವುದು ಅದನ್ನೇ. ಕಾರಿನ ಕಂಪನಿ ಹೆಸರು ಬೇಡ. ಏಳು ಸೀಟಿನ ಜಪಾನಿ ವ್ಯಾನ್, 2007ರದು. ನಾನು ಕೊಂಡದ್ದು 2013ರಲ್ಲಿ.

ಮೊದಲು ಇದರಲ್ಲಿ ನಮ್ಮಜ್ಜಿ ಯಾಕೆ ಬಂದರು ಅಂತ ಹೇಳಿಬಿಡುತ್ತೇನೆ. ನಮ್ಮಮ್ಮನ ಅಮ್ಮ, ತಿಪಟೂರಿನ ಹತ್ತಿರದ ಹಳ್ಳಿಯವರು. ಬೀಸುವ ಪದ, ಸೋಬಾನೆ ಪದ ಚೆನ್ನಾಗಿ ಹಾಡುತ್ತಿದ್ದರು. ನಮ್ಮ ಸೋದರಮಾವ ಒಮ್ಮೆ ಮದುವೆ ವಿಡಿಯೋ ತೆಗೆಯುವ ಹುಡುಗನೊಬ್ಬನನ್ನು ಕರೆಸಿ, ಹಜಾರದಲ್ಲಿ ಕೂರಿಸಿ, ಹನ್ನೊಂದು ಪದ ರೆಕಾರ್ಡ್ ಮಾಡಿಸಿದರು. ಎರಡು ಸಿಡಿ ಮಾಡಿದರು. ಒಂದು ಮಾವನ ಮನೆಯಲ್ಲಿತ್ತು, ಮನೆ ಬದಲಿಸುವಾಗ ಎಲ್ಲೋ ಹೋಯಿತು. ಇನ್ನೊಂದನ್ನು 2014ರಲ್ಲಿ ಅಮ್ಮ ಇಲ್ಲಿಗೆ ಬರುವಾಗ ತಂದರು. ವ್ಯಾನಿನಲ್ಲಿ ಹಾಕಿದೆವು. ಆಮೇಲೆ ಅದು ಬಾಗಿಲಿನ ಸಂದಿಯಲ್ಲೇ ಬಿದ್ದಿತ್ತು. ಮನೆಯಲ್ಲಿ ಬರೆಯುವ ಸಿಡಿಯಲ್ಲಿ ಹಾಡು ಕೂರುವುದು ಬಣ್ಣದ ಒಂದು ಪದರದಲ್ಲಿ, ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ. ಅಜ್ಜಿ ತೀರಿಕೊಂಡ ಮೇಲೆ ಸಿಡಿ ಹುಡುಕಿ ಕಂಪ್ಯೂಟರಿಗೆ ಹಾಕಿದರೆ, ಸಿಡಿಯೇ ಇಲ್ಲ ಅಂದಿತು.

ಆದರೆ ವ್ಯಾನಿನಲ್ಲಿ ಪದಗಳು ಇದ್ದವು. ಆ ಕಾಲದ ಜಪಾನಿ ಕಾರುಗಳಲ್ಲಿ ಒಂದು ಸೌಕರ್ಯ ಇದೆ. ಸಿಡಿ ಹಾಕಿ ಕೇಳುತ್ತಿದ್ದರೆ ಸಾಕು, ಹಾಡು ತಾನಾಗಿ ಒಳಗಿನ ಡಿಸ್ಕಿಗೆ ಇಳಿದುಕೊಳ್ಳುತ್ತದೆ. ಒಳಗೆ ಹೋಗುವ ದಾರಿ ಉಂಟು, ಹೊರಗೆ ಬರುವ ದಾರಿ ಇಲ್ಲ. ಯುಎಸ್‌ಬಿಗೆ ಹಾಕು, ಕಾರ್ಡಿಗೆ ಹಾಕು ಅನ್ನುವ ಗುಂಡಿ ಯಾವ ಮೆನುವಿನಲ್ಲೂ ಸಿಗಲಿಲ್ಲ. ಜಪಾನಿ ಓದಲು ಬರುವ ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಹುಡುಕಿದೆ. ಅವರಿಗೂ ಸಿಗಲಿಲ್ಲ.

ಅಷ್ಟರಲ್ಲಿ ಪೆಟ್ಟಿಗೆ ಮಧ್ಯೆ ಮಧ್ಯೆ ನಿಂತುಹೋಗಲು ಶುರುವಾಯಿತು. ಡಿಸ್ಕಿಗೆ ಹದಿನೈದು ವರ್ಷ ಆಗಿತ್ತು. ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಹೊಟ್ಟೆಪಾಡು. ಬಿಚ್ಚೋಣ ಅಂದುಕೊಂಡೆ.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ. ಕಾರಿಗೆ ಹಾರ್ಡ್ ಡಿಸ್ಕ್ ಯಾಕೆ ಬೇಕಾಯಿತು? ನಕ್ಷೆಗೋಸ್ಕರ. ಹೋಂಡಾ 1981ರಲ್ಲೇ ಕಾರಿಗೆ ದಾರಿ ತೋರಿಸುವ ಯಂತ್ರ ಮಾಡಿತ್ತು. ಆಗ ಜಿಪಿಎಸ್ ಇಲ್ಲ. ಒಳಗೆ ಕಾರು ಎಷ್ಟು ತಿರುಗಿತು ಅಂತ ಅಳೆಯುವ ಗ್ಯಾಸ್ ಗೈರೋ, ಸಣ್ಣ ಪರದೆ, ಅದರ ಮುಂದೆ ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿದ ನಕ್ಷೆ. ಊರು ಬದಲಾದರೆ ಹಾಳೆ ಬದಲಿಸಬೇಕು. ಆಮೇಲೆ ನಕ್ಷೆ ಸಿಡಿಗೆ ಬಂತು, ಡಿವಿಡಿಗೆ ಬಂತು. 2001ರಲ್ಲಿ ಪಯೋನಿಯರ್ ಹಾರ್ಡ್ ಡಿಸ್ಕ್ ಇರುವ ನ್ಯಾವಿಗೇಷನ್ ತಂದಿತು. ಜಪಾನಿನ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ವಿಳಾಸ ಅಂದರೆ ಬ್ಲಾಕಿನ ನಂಬರು, ಮನೆಯ ನಂಬರು. ಹೊಸಬರಿಗೆ ದಾರಿ ಹೇಳುವುದು ಕಷ್ಟ. ಅಲ್ಲಿನವರು ನ್ಯಾವಿಗೇಷನ್ ಮೇಲೆ ಇಷ್ಟು ದುಡ್ಡು ಸುರಿದದ್ದು ಸುಮ್ನೆ ಅಲ್ಲ.

ಕಾರಿನ ಡಿಸ್ಕ್ ಲ್ಯಾಪ್‌ಟಾಪ್ ಡಿಸ್ಕಿನಷ್ಟೇ ದೊಡ್ಡದು, ಎರಡೂವರೆ ಇಂಚು. ಆದರೆ ಜಾತಿ ಬೇರೆ. ಲ್ಯಾಪ್‌ಟಾಪ್ ಡಿಸ್ಕಿಗೆ 5 ಡಿಗ್ರಿಯಿಂದ 55, 60 ಡಿಗ್ರಿವರೆಗೆ ಗ್ಯಾರಂಟಿ. ಕಾರಿನದಕ್ಕೆ ಮೈನಸ್ 30ರಿಂದ 85 ಡಿಗ್ರಿ. ಎತ್ತರದ್ದೂ ಒಂದು ಲೆಕ್ಕ ಇದೆ. ಡಿಸ್ಕಿನ ಒಳಗೆ ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ, ತೆಳ್ಳಗಿನ ಗಾಳಿಯ ಮೇಲೆ ತೇಲುತ್ತದೆ. ಬೆಟ್ಟದ ಮೇಲೆ ಗಾಳಿ ವಿರಳವಾದರೆ ಹೆಡ್ ಕೆಳಗಿಳಿದು ತಟ್ಟೆಗೆ ಬಡಿಯಬಹುದು. ಮಾಮೂಲಿ ಡಿಸ್ಕಿಗೆ 3,000 ಮೀಟರ್ ಗಡಿ. ಕಾರಿನದು 5,500 ಮೀಟರ್ ಆಸುಪಾಸಿನವರೆಗೂ ನಡೆಯುತ್ತದೆ. ಲಡಾಖಿನ ಖಾರ್ದುಂಗ್ ಲಾ 5,359 ಮೀಟರ್ ಇದೆ. ಅಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ನಿಮ್ಮ ಹಣೆಬರಹ, ಈ ವ್ಯಾನ್ ಮಾತ್ರ ಹಾಡುತ್ತಲೇ ಹೋಗುತ್ತದೆ.

ಸರಿ, ಬಿಚ್ಚಿದೆ. ಪೆಟ್ಟಿಗೆ ಹೊರಗೆ ಬಂತು, ಮುಚ್ಚಳ ತೆಗೆದರೆ ರಬ್ಬರ್ ಬುಷ್‌ಗಳ ಮೇಲೆ ಕೂತ 40 ಜಿಬಿ ಡಿಸ್ಕ್. ಹಳೆ ಕಾಲದ 44 ಪಿನ್ನಿನ ಐಡಿಇ ಕನೆಕ್ಟರ್. ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಕಂಪ್ಯೂಟರಿಗೆ ಸಿಕ್ಕಿಸಿದೆ. ಡಿಸ್ಕ್ ಗುಂಯ್ ಅಂತ ತಿರುಗಿತು. ಹೆಸರು ಹೇಳಿತು, ಎಷ್ಟು ಜಿಬಿ ಅಂತ ಹೇಳಿತು. ಮೊದಲ ಸೆಕ್ಟರ್ (ಡಿಸ್ಕಿನ ಮೊದಲ ತುಣುಕು) ಕೊಡು ಅಂದರೆ, ಇಲ್ಲ. ಎರಡನೆಯದು? ಇಲ್ಲ. ಕೆಟ್ಟಿದೆ ಅಂದುಕೊಂಡೆ. ಆದರೆ ಕೆಟ್ಟ ಡಿಸ್ಕ್ ಹೀಗಿರುವುದಿಲ್ಲ. ಅದು ತಡಕಾಡುತ್ತದೆ, ಟಕ್ ಟಕ್ ಅನ್ನುತ್ತದೆ. ಇದು ಕೇಳಿದ ತಕ್ಷಣ, ಖಡಕ್ಕಾಗಿ ಇಲ್ಲ ಅನ್ನುತ್ತಿತ್ತು.

ಒಂದು ಹಳೆಯ ಲ್ಯಾಪ್‌ಟಾಪಿಗೆ ನೇರ ಜೋಡಿಸಿ, ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಅನ್ನುವ ಕಮಾಂಡ್ ಕೊಟ್ಟೆ. ಉದ್ದ ಪಟ್ಟಿ ಬಂತು. ಕೊನೆಗೆ ಸೆಕ್ಯುರಿಟಿ ಅನ್ನುವ ತಲೆಬರಹ, ಅದರ ಕೆಳಗೆ ಒಂದು ಶಬ್ದ: ಲಾಕ್ಡ್.

ಈ ಬೀಗದ ಕಥೆ 1990ರ ದಶಕದ್ದು. ಡಿಸ್ಕುಗಳು ಕಂಪ್ಯೂಟರಿನ ಜೊತೆ ಮಾತಾಡುವ ಭಾಷೆಗೆ ಎಟಿಎ ಅಂತ ಹೆಸರು. 1997ರ ಎಟಿಎ-3ರಲ್ಲಿ ಡಿಸ್ಕಿಗೇ ಪಾಸ್‌ವರ್ಡ್ ಹಾಕುವ ಏರ್ಪಾಡು ಸೇರಿತು. ಲ್ಯಾಪ್‌ಟಾಪ್ ಕಳ್ಳತನವಾದರೆ ಒಳಗಿರುವುದು ಕಳ್ಳನಿಗೆ ಸಿಗಬಾರದು ಅಂತ. ಪಾಸ್‌ವರ್ಡ್ 32 ಬೈಟ್. ಐದು ಸಲ ತಪ್ಪು ಹೇಳಿದರೆ ಡಿಸ್ಕ್ ಆರನೆಯದನ್ನು ಕೇಳುವುದೇ ಇಲ್ಲ, ಕರೆಂಟು ತೆಗೆದು ಮತ್ತೆ ಕೊಡಬೇಕು, ಇಲ್ಲವೇ ರೀಸೆಟ್ ಮಾಡಬೇಕು. ಒಂದೊಂದಾಗಿ ಊಹಿಸಿಕೊಂಡು ಹೋಗುವ ಮಾತೇ ಇಲ್ಲ. ಯೂಸರ್, ಮಾಸ್ಟರ್ ಅಂತ ಎರಡು ಪಾಸ್‌ವರ್ಡ್ ಇರುತ್ತವೆ. ‘ಹೈ’ ಮಟ್ಟದಲ್ಲಿ ಬೀಗ ಹಾಕಿದ್ದರೆ ಮಾಸ್ಟರ್‌ನಿಂದಲೂ ತೆಗೆಯಬಹುದು. ‘ಮ್ಯಾಕ್ಸಿಮಮ್’ ಆದರೆ ಮಾಸ್ಟರ್‌ನಿಂದ ಎಲ್ಲಾ ಅಳಿಸಬಹುದು, ಅಷ್ಟೇ.

ಮುಖ್ಯ ಸಂಗತಿ ಇನ್ನೊಂದಿದೆ. ಈ ಬೀಗ ಗೂಢಲಿಪಿ ಅಲ್ಲ. ಗೋಡೌನಿನ ಬಾಗಿಲಲ್ಲಿ ಒಬ್ಬ ವಾಚ್‌ಮನ್ ಕೂರಿಸಿದ ಹಾಗೆ. ಒಳಗಿರುವ ಮೂಟೆಗಳಿಗೆ ಬೀಗ ಇಲ್ಲ, ತಟ್ಟೆಯ ಮೇಲೆ ಬರೆದದ್ದು ಬರೆದ ಹಾಗೇ ಇದೆ. ವಾಚ್‌ಮನ್ ಅಂದರೆ ಡಿಸ್ಕನ್ನು ನಡೆಸುವ ಒಳಗಿನ ಪ್ರೋಗ್ರಾಂ, ಅದರ ಫರ್ಮ್‌ವೇರ್. ಸರಿಯಾದ ಗುಟ್ಟಿನ ಮಾತು ಹೇಳಿದವರಿಗೆ ಬಾಗಿಲು ತೆಗೆಯುತ್ತಾನೆ. ಒಮ್ಮೆ ತೆಗೆದನೆಂದರೆ, ಅವನು ಮಲಗಿ ಏಳುವವರೆಗೆ ಯಾರು ಬಂದರೂ ಕೇಳುವುದಿಲ್ಲ.

ಈ ಸೋಮಾರಿತನವೇ ಮೊದಲ ದಾರಿ. 2001ರ ಮೊದಲ ಎಕ್ಸ್‌ಬಾಕ್ಸ್ ಗೇಮ್ ಯಂತ್ರದಲ್ಲೂ ಇದೇ ಬೀಗ ಇತ್ತು. ಹುಡುಗರು ಏನು ಮಾಡುತ್ತಿದ್ದರು? ಯಂತ್ರ ಆನ್ ಮಾಡಿ, ಅದೇ ಬೀಗ ತೆಗೆಯುವವರೆಗೆ ಕಾದು, ಡಿಸ್ಕಿನ ಕರೆಂಟು ಹಾಗೇ ಇರುವಾಗ ಡೇಟಾ ಕೇಬಲ್ ಮಾತ್ರ ಕಿತ್ತು ಪಿಸಿಗೆ ಸಿಕ್ಕಿಸುತ್ತಿದ್ದರು. ಹಾಟ್ ಸ್ವಾಪ್ ಅಂತಾರೆ. ನಾನೂ ಮಾಡಿದೆ. ಆದರೆ ಎಕ್ಸ್‌ಬಾಕ್ಸ್‌ನಲ್ಲಿ ಕರೆಂಟಿನ ತಂತಿ ಬೇರೆ, ಡೇಟಾ ತಂತಿ ಬೇರೆ. ನನ್ನ 44 ಪಿನ್ನಿನಲ್ಲಿ 41, 42ನೇ ಪಿನ್ನುಗಳೇ 5 ವೋಲ್ಟ್. ಕನೆಕ್ಟರ್ ಕಿತ್ತರೆ ಉಸಿರೂ ನಿಲ್ಲುತ್ತದೆ. ಬೇರೆ ಕಡೆಯಿಂದ 5 ವೋಲ್ಟ್ ಕೊಡುವ ಹಾಗೆ ಕೇಬಲ್ ಮಾಡಿಕೊಂಡೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವಾಗ ರೀಸೆಟ್ ಸಿಗ್ನಲ್ ಬಂದು ಡಿಸ್ಕ್ ಮತ್ತೆ ಬೀಗ ಹಾಕಿಕೊಂಡಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಕನೆಕ್ಟರ್ ಓರೆಯಾಗಿ ಕೂತು ಅಡಾಪ್ಟರ್ ಸುಟ್ಟಿತು. ಆ ವಾಸನೆ ಬಂದಾಗ ನನ್ನ ಎದೆ ನಿಂತೇಹೋಯಿತು. ಪುಣ್ಯಕ್ಕೆ ಡಿಸ್ಕಿಗೆ ಏನೂ ಆಗಿರಲಿಲ್ಲ. ಇರುವ ಒಂದೇ ಪ್ರತಿಯ ಮೇಲೆ ಇಂಥ ಸರ್ಕಸ್ ಬೇಡ ಅಂತ ಹೆಂಡತಿ ಬೈದಳು. ಸರಿಯೇ ಅಲ್ವಾ?

ಎರಡನೇ ದಾರಿ ಕದ್ದು ಕೇಳುವುದು. ಕಾರಿನ ಪೆಟ್ಟಿಗೆ ಪ್ರತಿ ಸಲ ಆನ್ ಆದಾಗ ಡಿಸ್ಕಿಗೆ ಗುಟ್ಟಿನ ಮಾತು ಹೇಳಲೇಬೇಕು. ಅದನ್ನು ಮರೆಮಾಡಿ ಹೇಳುವ ಏರ್ಪಾಡು ಈ ಎಟಿಎ ಪಾಸ್‌ವರ್ಡಿನಲ್ಲಿ ಇಲ್ಲ. ಸಂತೆಯಲ್ಲಿ ಕೂಗಿ ಹೇಳಿದಂತೆ, ತಂತಿಗಳ ಮೇಲೆ ಬಿಡಿಬಿಡಿಯಾಗಿ ಹೋಗುತ್ತದೆ. ಪೆಟ್ಟಿಗೆಗೂ ಡಿಸ್ಕಿಗೂ ನಡುವೆ ಒಂದು ಉದ್ದನೆಯ ರಿಬ್ಬನ್ ಕೇಬಲ್ ಹಾಕಿ, ಅದರ ತಂತಿಗಳಿಗೆ ಕೂದಲಿನಷ್ಟು ಸಣ್ಣ ತಂತಿ ಬೆಸೆದು, ತಂತಿಯ ಮೇಲೆ ಹೋಗುವುದನ್ನೆಲ್ಲ ಬರೆದಿಡುವ ಲಾಜಿಕ್ ಅನಲೈಸರ್‌ಗೆ ಕೊಟ್ಟೆ.

ಇಲ್ಲೊಂದು ತಮಾಷೆ. ಐಡಿಇಯಲ್ಲಿ ಡೇಟಾ ತಂತಿಗಳೇ 16. ಅದರ ಮೇಲೆ ಬರೆಯುವ ಸಿಗ್ನಲ್, ವಿಳಾಸದ ತಂತಿಗಳು ಸೇರಿ ಇನ್ನೂ 6. ಒಟ್ಟು 22. ನನ್ನ ಅನಲೈಸರ್‌ಗೆ ಇರುವುದು 16 ಚಾನೆಲ್. ಹೊಸದು ಕೊಳ್ಳುವಷ್ಟು ಉತ್ಸಾಹ ಇರಲಿಲ್ಲ. ಆಮೇಲೆ ಹೊಳೆಯಿತು, ಈ ಪಾಸ್‌ವರ್ಡ್ ದಿನಾ ಬದಲಾಗುವುದಿಲ್ಲವಲ್ಲ. ಮೊದಲ ಸಲ ಕೆಳಗಿನ 8 ಡೇಟಾ ತಂತಿ ಮತ್ತು ಆ 6. ಎರಡನೇ ಸಲ ಮೇಲಿನ 8 ಮತ್ತು ಅದೇ 6. ಬೀಗ ತೆಗೆಯುವ ಕಮಾಂಡಿನ ಸಂಖ್ಯೆ ಎಫ್2. ಮೊದಲ ಸಲ ಅದು ಎಷ್ಟನೇ ಬರಹ ಅಂತ ಎಣಿಸಿಟ್ಟುಕೊಂಡು, ಎರಡನೇ ಸಲ ಅದೇ ಜಾಗ ಹುಡುಕಿದೆ. ಎಫ್2 ಆದ ಮೇಲೆ 512 ಬೈಟ್ ಹೋಗುತ್ತವೆ. ಮೊದಲ ಎರಡು ಬೈಟ್ ‘ಇದು ಯೂಸರ್ ಪಾಸ್‌ವರ್ಡ್’ ಅನ್ನುವ ಗುರುತು. ಅದರ ಹಿಂದೆ 32 ಬೈಟ್. ಉಳಿದದ್ದೆಲ್ಲ ಸೊನ್ನೆ.

ರಾತ್ರಿ ಹನ್ನೊಂದು ಗಂಟೆ. ವ್ಯಾನಿನ ಬಾಗಿಲು ತೆರೆದು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಆ 32 ಬೈಟ್ ಪರದೆ ಮೇಲೆ ಬಂದಾಗ ಆದ ಖುಷಿ ಇಷ್ಟಲ್ಲ. ಟೈಪ್ ಮಾಡಿದೆ. ತಪ್ಪು ಅಂತು. ಮತ್ತೆ ಮಾಡಿದೆ. ತಪ್ಪು. ಮೂರು ಸಲ ಆದ ಮೇಲೆ ಹೆದರಿ ಬಿಟ್ಟೆ. ಬೆಳಿಗ್ಗೆ ಕಾಫಿ ಕುಡಿಯುವಾಗ ನೆನಪಾಯಿತು. 16 ತಂತಿಯಲ್ಲಿ ಎರಡೆರಡು ಬೈಟ್ ಒಟ್ಟಿಗೆ ಹೋಗುತ್ತವೆ, ಕೆಳಗಿನ 8ರಲ್ಲಿ ಇರುವುದು ಮೊದಲ ಬೈಟ್. ನಾನು ಮೇಲಿನದನ್ನು ಮೊದಲು ಬರೆದುಕೊಂಡಿದ್ದೆ. ‘ಕಮಲ’ ಅಂತ ಬರೆಯುವ ಕಡೆ ‘ಮಕಲ’ ಅಂತ ಬರೆದ ಹಾಗೆ. ಜೋಡಿ ಜೋಡಿಯಾಗಿ ತಿರುಗಿಸಿ ಹಾಕಿದೆ. ಬೀಗ ತೆಗೆಯಿತು.

ಮೊದಲು ಮಾಡಿದ ಕೆಲಸ ಇಡೀ ಡಿಸ್ಕಿನ ಪ್ರತಿ ತೆಗೆದದ್ದು. ಹಳೆ ಡಿಸ್ಕ್ ಸಿಕ್ಕರೆ ನೀವೂ ಹಾಗೇ ಮಾಡಿ. ಇಣುಕುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಒಳಗೆ ಏನಿತ್ತು? ಜಾಗದ ಬಹುಪಾಲು ನಕ್ಷೆಗೆ. ಒಂದು ಕಡೆ ಹಾಡುಗಳು, ನಂಬರೇ ಹೆಸರಾದ ಫೈಲುಗಳು. ನಾನು ಹಾಕಿದ ಕ್ರಮದಲ್ಲೇ ಹನ್ನೊಂದು ಫೈಲು ಸಾಲಾಗಿ ಇದ್ದವು. ಒಂದನ್ನು ತೆರೆದೆ. ಯಾವ ಪ್ಲೇಯರಿಗೂ ಅರ್ಥವಾಗಲಿಲ್ಲ. ಬೈಟುಗಳನ್ನು ನೋಡಿದರೆ ಗುರುತಿಲ್ಲ, ಲಯವಿಲ್ಲ, ಅಕ್ಕಿ ಚೆಲ್ಲಿದ ಹಾಗೆ. ಹಾಡಿನ ಫೈಲುಗಳಿಗೆ ಗೂಢಲಿಪಿ ಹಾಕಿದ್ದರು, ಅದರ ಕೀಲಿ ಪೆಟ್ಟಿಗೆಯ ಒಳಗೆಲ್ಲೋ ಇತ್ತು.

ಆದರೆ ಪಕ್ಕದ ಇನ್ನೊಂದು ಫೈಲು ಸಲೀಸಾಗಿ ತೆರೆದುಕೊಂಡಿತು. ಅದರಲ್ಲಿ ಇದ್ದದ್ದು ಜಪಾನಿನಲ್ಲಿ ಈ ವ್ಯಾನ್ ಇಟ್ಟುಕೊಂಡಿದ್ದ ಮನೆಯವರ ಓಡಾಟ. ‘ನಮ್ಮ ಮನೆ’ ಅಂತ ಗುರುತು ಮಾಡಿದ ಜಾಗ. ಒಂದು ಶಿಶುವಿಹಾರ. ಒಂದು ಆಸ್ಪತ್ರೆ, ಅಲ್ಲಿಗೆ ಮತ್ತೆ ಮತ್ತೆ ಹೋದದ್ದು. ಕೆಲವು ಫೋನ್ ನಂಬರು. ಗೂಢಲಿಪಿ ಇಲ್ಲ, ಏನೂ ಇಲ್ಲ. ಇದಕ್ಕೆ ಡಿಸ್ಕ್ ಬಿಚ್ಚುವುದೂ ಬೇಕಿರಲಿಲ್ಲ. ಪರದೆಯ ಮೇಲೆ ‘ಮನೆಗೆ’ ಅನ್ನುವ ಗುಂಡಿ ಒತ್ತಿದರೆ ಸಾಕು, ಅವರ ಮನೆ ಬಾಗಿಲಿನವರೆಗೆ ದಾರಿ ತೋರಿಸುತ್ತಿತ್ತು. ಎಂಟೊಂಬತ್ತು ವರ್ಷ ಅದು ನಮ್ಮ ಕಣ್ಣೆದುರಿಗೇ ಇತ್ತು, ಜಪಾನಿ ಬರದ ಕಾರಣ ಗೊತ್ತಾಗಲಿಲ್ಲ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಬೀಗ ಇತ್ತು, ಗಟ್ಟಿಯಾಗೇ ಇತ್ತು. ಯಾರಿಗೋಸ್ಕರ? ನಕ್ಷೆ ಮಾರುವವರಿಗೋಸ್ಕರ, ಹಾಡಿನ ಹಕ್ಕು ಇರುವವರಿಗೋಸ್ಕರ. ನಮ್ಮಜ್ಜಿಯ ಪದಕ್ಕೆ ಯಾವ ಕಂಪನಿಯೂ ಹಕ್ಕುದಾರ ಅಲ್ಲ, ಆದರೂ ಅದು ಒಳಗೇ ಬಂದಿ. ಕಾರಿನ ಮಾಲೀಕನ ಆಸ್ಪತ್ರೆಯ ದಾರಿಗೆ ಮಾತ್ರ ಒಂದು ಚಿಲಕವೂ ಇಲ್ಲ.

ಕಾನೂನು ನೋಡಿ, ಅದೂ ಇದೇ ಗೆರೆ ಎಳೆದಿತ್ತು. ಅಮೆರಿಕದಲ್ಲಿ 2015ರಲ್ಲಿ ಕಾಪಿರೈಟ್ ಕಾನೂನಿನ ವಿನಾಯಿತಿಗಳನ್ನು ನಿರ್ಧರಿಸುವ ಲೈಬ್ರರಿ ಆಫ್ ಕಾಂಗ್ರೆಸ್, ಕಾರಿನ ಸಾಫ್ಟ್‌ವೇರ್ ಬೀಗವನ್ನು ಮಾಲೀಕರು ರಿಪೇರಿಗೋಸ್ಕರ ದಾಟಬಹುದು ಅಂತ ವಿನಾಯಿತಿ ಕೊಟ್ಟಿತು. ಆದರೆ ಮನರಂಜನೆಯ ವ್ಯವಸ್ಥೆಯನ್ನು ಹೊರಗಿಟ್ಟಿತು. ಇಂಜಿನ್ ಮುಟ್ಟಬಹುದಿತ್ತು, ಹಾಡಿನ ಪೆಟ್ಟಿಗೆ ಮುಟ್ಟುವ ಹಾಗಿರಲಿಲ್ಲ! 2018ರಲ್ಲಿ ಅದು ಸ್ವಲ್ಪ ಸಡಿಲವಾಯಿತು. ಭಾರತದ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಸ್ವಲ್ಪ ಮೆದು, ಹಕ್ಕು ಮುರಿಯುವ ಉದ್ದೇಶ ಇತ್ತೇ ಅಂತ ಕೇಳುತ್ತದೆ.

ಕಂಪನಿಗಳ ಕಡೆಯೂ ಒಂದು ನ್ಯಾಯ ಇದೆ, ಅದನ್ನೂ ಹೇಳಬೇಕು. 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಲಾಸೆಕ್ ಅನ್ನುವ ಇಬ್ಬರು ಸಂಶೋಧಕರು ಜೀಪ್ ಚೆರೋಕಿಯ ಮನರಂಜನೆಯ ಪೆಟ್ಟಿಗೆಯೊಳಗೆ ಮೊಬೈಲ್ ನೆಟ್‌ವರ್ಕ್ ಮೂಲಕ ನುಗ್ಗಿ, ಹೆದ್ದಾರಿಯಲ್ಲಿ ಓಡುತ್ತಿದ್ದ ಗಾಡಿಯನ್ನು ದೂರದಿಂದಲೇ ನಿಧಾನ ಮಾಡಿ ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ರೀಕಾಲ್ ಮಾಡಬೇಕಾಯಿತು. ಹಾಗಾಗಿ ಪೆಟ್ಟಿಗೆಗೆ ಬೀಗವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಬೇಕಿದ್ದ ಬೀಗ ಬೇರೆ, ನನ್ನ ವ್ಯಾನಿನಲ್ಲಿ ಇದ್ದದ್ದು ಬೇರೆ.

ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಕೇಳಿದರು, ‘ಕಾರು ಮಾರುವಾಗ ನಾವೇನು ಮಾಡಬೇಕು?’ ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಇರುತ್ತದೆ, ಮಾಡಿ. ಫೋನ್ ಜೋಡಿಸಿದ್ದನ್ನು ಅಳಿಸಿ, ಬ್ಲೂಟೂತ್ ಹಾಕಿದ ಕೂಡಲೇ ನಿಮ್ಮ ಫೋನ್‌ಬುಕ್ ಪೂರ್ತಿ ಕಾರಿಗೆ ಇಳಿದಿರಬಹುದು. ಬಾಡಿಗೆ ಕಾರಿನಲ್ಲೂ ಇದೇ. ಆ ಜಪಾನಿ ಮನೆಯವರ ವಿವರ ಏನು ಮಾಡಿದಿರಿ ಅಂತ ಒಬ್ಬ ಹುಡುಗಿ ಕೇಳಿದಳು. ಅಳಿಸಿದೆ, ಡಿಸ್ಕಿನಿಂದಲೂ, ನಾನು ತೆಗೆದ ಪ್ರತಿಯಿಂದಲೂ. ಕಾಗದ ಬರೆದು ತಿಳಿಸೋಣ ಅಂತ ಒಂದು ಯೋಚನೆ ಬಂದಿತ್ತು. ಗುರುತಿಲ್ಲದ ದೇಶದಿಂದ ‘ನಿಮ್ಮ ಮನೆ ಎಲ್ಲಿದೆ ಅಂತ ನನಗೆ ಗೊತ್ತು’ ಅನ್ನುವ ಕಾಗದ ಬಂದರೆ ಅವರ ಕಥೆ ಏನು? ಬಿಟ್ಟೆ.

ಹಾಗಾದರೆ ಅಜ್ಜಿಯ ಪದ? ಗೂಢಲಿಪಿಯ ಜೊತೆ ಇನ್ನೊಂದು ತಿಂಗಳು ಹೆಣಗಿದೆ, ಆಗಲಿಲ್ಲ. ಕೊನೆಗೆ ಮಗ ಹೇಳಿದ, ‘ಅಪ್ಪಾ, ಸ್ಪೀಕರ್ ತಂತಿಗೆ ರೆಕಾರ್ಡರ್ ಹಾಕಬಹುದಲ್ಲಾ?’ ಹಾಕಬಹುದಿತ್ತು. ಮೊದಲ ದಿನವೇ ಹಾಕಬಹುದಿತ್ತು. ಡಿಸ್ಕನ್ನು ವಾಪಸ್ ಪೆಟ್ಟಿಗೆಯಲ್ಲಿ ಕೂರಿಸಿ, ಸ್ಪೀಕರ್ ಲೈನಿನಿಂದ ಕನ್ವರ್ಟರ್ ಮೂಲಕ ಸಣ್ಣ ರೆಕಾರ್ಡರಿಗೆ ತಂತಿ ಎಳೆದು, ಹನ್ನೊಂದು ಪದ ಒಂದೊಂದಾಗಿ ಇಳಿಸಿದೆ. ಒಂದು ಗಂಟೆಯೂ ಹಿಡಿಯಲಿಲ್ಲ.

ಕೂಟದಲ್ಲಿ ಏಳನೆಯ ಪದ ಕೇಳಿಸಿದೆ. ಬೀಸುವ ಪದ ಅದು. ಅದನ್ನು ಇಳಿಸಿಕೊಳ್ಳುವಾಗ ವ್ಯಾನಿನ ಬ್ಯಾಟರಿ ಇಳಿದು, ಅರ್ಧದಲ್ಲಿ ಇಂಜಿನ್ ಸ್ಟಾರ್ಟ್ ಮಾಡಬೇಕಾಯಿತು. ಪೆಟ್ಟಿಗೆ ಒಮ್ಮೆ ಆರಿ, ನಿಲ್ಲಿಸಿದ ಕಡೆಯಿಂದಲೇ ಪದ ಮುಂದುವರಿಸಿತು. ಹಾಗಾಗಿ ಅಜ್ಜಿ ಉಸಿರು ತೆಗೆದುಕೊಂಡು ರಾಗ ಎಳೆಯುವ ಹೊತ್ತಿಗೆ, ಅವರ ದನಿಯ ಮೇಲೆ ಆ ಹೆಂಗಸು ಹೇಳುತ್ತಾಳೆ, ಇಟಿಸಿ ಕಾರ್ಡ್ ಹಾಕಿಲ್ಲ ಅಂತ. ಸಭೆಯಲ್ಲಿ ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ನಮ್ಮಮ್ಮ ನಗಲಿಲ್ಲ. ಮುಂದಿನ ಸಾಲುಗಳನ್ನು ಅವರು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು.